ಶುಕ್ರವಾರದ ಬಿಳಿ ಬಟ್ಟೆ

ಲೊರಿವಾಲ್‌ಗೆ ಸಿಟ್ಟು ಇದ್ದದ್ದು ಡೆಂಡೆ ಎಂಬ ಕೆಂಪು ತಾಳೆ ಎಣ್ಣೆಯ ಮೇಲಲ್ಲ, ಆ ಎಣ್ಣೆಗೆ ಸಿಕ್ಕ ಮರ್ಯಾದೆಯ ಮೇಲೆ. ವಿಮಾನ ಹಾರಿಸುವ ಎಣ್ಣೆ ಎಂದರೆ ಅದಕ್ಕೊಂದು ಘನತೆ ಬೇಡವೆ? ಅವನು ತನ್ನ ಯೌವನವನ್ನೆಲ್ಲ ಒಳನಾಡಿನ ಬಿರುಬಿಸಿಲಿನಲ್ಲಿ ಮಕಾವುಬಾ ತಾಳೆಮರಗಳ ಬುಡದಲ್ಲಿ ಸವೆಸಿದ್ದ. ಮೈತುಂಬ ಮುಳ್ಳಿರುವ ಆ ಮರ ಯಾರನ್ನೂ ಸುಲಭಕ್ಕೆ ಹತ್ತಿರ ಸೇರಿಸುವುದಿಲ್ಲ. ಈಗಲೂ ಮೋಡ ಕವಿದ ದಿನ ಅವನ ಬಲಗೈ ಹೆಬ್ಬೆರಳಿನೊಳಗೆ ಒಂದು ಹಳೆಯ ಮುಳ್ಳು ಚುಳ್ಳೆನ್ನುತ್ತಿತ್ತು. ಆ ಕಾಯಿಯ ಎಣ್ಣೆಯಿಂದ ನೀರಿನಷ್ಟು ತಿಳಿಯಾದ ವಿಮಾನದ ಇಂಧನ ತೆಗೆದ ದಿನ ಅವನು ಸಾಲ್ವಡೋರಿನ ಪ್ರಯೋಗಾಲಯದ ಮಹಡಿಯ ಮೇಲೆ ನಿಂತು ಒಬ್ಬನೇ ಅತ್ತಿದ್ದ. ಯಾರೂ ನೋಡಲಿಲ್ಲ. ಪತ್ರಿಕೆಯವರೂ ಬರಲಿಲ್ಲ.

ಆಮೇಲೆ ಬಂದವಳು ಇವೊನೆಟೆ. ವಯಸ್ಸಿನಲ್ಲಿ ಚಿಕ್ಕವಳು, ನಗು ದೊಡ್ಡದು. ಬೀದಿ ಬೀದಿಯಲ್ಲಿ ಅಕರಜೆ ಕರಿಯುವ ಹೆಂಗಸರ ಹತ್ತಿರ ಹೋಗಿ, ಅಲಸಂದೆ ವಡೆ ಕರಿದು ಕರಿದು ಕಪ್ಪಾದ ಡೆಂಡೆ ಎಣ್ಣೆಯನ್ನು ಡ್ರಮ್ಮುಗಟ್ಟಲೆ ಹೊತ್ತು ತಂದಳು. ಅದನ್ನು ಕುದಿಸಿ, ಸೋಸಿ, ಬಣ್ಣ ಕಳೆದು, ಅವಳೂ ನೀರಿನಷ್ಟು ತಿಳಿಯಾದ ಇಂಧನ ತೆಗೆದಳು. ಮರುದಿನವೇ ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ, ಪಕ್ಕದಲ್ಲಿ ಒಂದು ಬಾಣಲೆ, ಬಾಣಲೆಯ ಮೇಲೆ ವಿಮಾನ. ಊರಿಗೆ ಊರೇ ಕುಣಿದಾಡಿತು. ಲೊರಿವಾಲ್ ಆ ಪತ್ರಿಕೆಯನ್ನು ಮಡಿಸಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟ. ಮೇಜೇನೋ ನೆಟ್ಟಗಾಯಿತು, ಅವನ ಮನಸ್ಸು ಆಗಲಿಲ್ಲ.

ಈಗ ವಿಮಾನ ಸಂಸ್ಥೆಯವರು ಶುಕ್ರವಾರ ಬರುವವರಿದ್ದರು. ಎರಡು ಇಂಧನಗಳನ್ನೂ ಎಲ್ಲರೆದುರಿಗೆ ಚಳಿಗೆ ಒಡ್ಡಿ ನೋಡುವುದು. ಮೇಲೆ ಆಕಾಶದಲ್ಲಿ ಕೊರೆಯುವ ಥಂಡಿ, ಅಲ್ಲಿ ಹರಳುಗಟ್ಟುವ ಇಂಧನ ಯಾರಿಗೂ ಬೇಡ. ಯಾವುದು ಕೊನೆಯವರೆಗೆ ತಿಳಿಯಾಗಿ ಉಳಿಯುತ್ತದೋ ಅದು ಬಾಯಿಯಾ ರಾಜ್ಯದ ಮೊದಲ ವಿಮಾನಕ್ಕೆ ಹೋಗುತ್ತದೆ. ಇನ್ನೊಂದು ಕಪಾಟಿಗೆ ಹೋಗುತ್ತದೆ. ಇಷ್ಟೇ ಪಂದ್ಯ.

ತನ್ನದು ಮೊದಲು ಮಂಜುಗಟ್ಟುತ್ತದೆ ಎಂದು ಲೊರಿವಾಲ್‌ಗೆ ಗೊತ್ತಿತ್ತು. ಅವನಿಗೆ ಮಾತ್ರ ಗೊತ್ತಿತ್ತು. ಇನ್ನೊಂದು ವರ್ಷ ಕೊಟ್ಟಿದ್ದರೆ ಅದನ್ನೂ ಸರಿಮಾಡುತ್ತಿದ್ದ. ಆದರೆ ವರ್ಷ ಕೊಡುವವರು ಯಾರು? ಎಲ್ಲರಿಗೂ ವಡೆಯ ಎಣ್ಣೆಯದೇ ಗುಂಗು.

ಇವೊನೆಟೆ ಬುಧವಾರ ಅವನ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. "ಡಾಕ್ಟ್ರೇ, ನಂಗೊಂದು ಯೋಚನೆ. ಎರಡನ್ನೂ ಬೆರೆಸಿ ಹಾರಿಸೋಣ ಅಂತ ಅವರನ್ನ ಕೇಳೋಣ್ವಾ? ನಿಮ್ದರಲ್ಲಿ ಇರೋ ಗುಣ ನನ್ದರಲ್ಲಿ ಇಲ್ಲ. ಜೊತೆ ಸೇರಿದ್ರೆ ಚೆನ್ನಾಗಿರುತ್ತೆ."

"ನನ್ನ ಮಕಾವುಬಾ ಹೋಗಿ ಕರಿದ ಎಣ್ಣೆ ಜೊತೆ ಸೇರ್ಬೇಕಾ?" ಎಂದ ಲೊರಿವಾಲ್, ಕನ್ನಡಕ ಒರೆಸುತ್ತ.

"ಕರಿದಿದ್ದಾದ್ರೇನು, ಹಾರಿದ್ರೆ ಸಾಕಲ್ವಾ?" ಎಂದು ನಕ್ಕು ಹೋದಳು. ಅದು ಕನಿಕರ ಎಂದು ಅವನು ತಿಳಿದ. ಕನಿಕರ ಅವನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಉಪಾಯ ಹುಟ್ಟಿದ್ದು ಆ ಉರಿಯಲ್ಲೇ.

ಉಪಾಯ ಎಷ್ಟು ಸರಳವೆಂದರೆ ಅವನಿಗೇ ಅದರ ಮೇಲೆ ಪ್ರೀತಿ ಬಂತು. ಎರಡೂ ಇಂಧನ ತಿಳಿನೀರಿನಂತೆ, ಕಣ್ಣಿಗೆ ಒಂದೇ. ಎರಡೂ ಒಂದೇ ಬಗೆಯ ಸೀಸೆಯಲ್ಲಿ. ಗುರುತಿಗೆ ಇದ್ದದ್ದು ಸೀಸೆಯ ಕೊರಳಿನ ರಿಬ್ಬನ್ ಮಾತ್ರ. ಅದು ಪ್ರಯೋಗಾಲಯದ ನಿರ್ದೇಶಕರ ಶೋಕಿ. ಮುದ್ರೆ, ಅರಗು, ಬೀಗ ಎಲ್ಲ ಬೇಡವೆಂದು, ಅವರು ಬೊಂಫಿಂ ದೇವಾಲಯದ ಹರಕೆಯ ರಿಬ್ಬನ್ ತರಿಸಿದ್ದರು. ಡೆಂಡೆಗೆ ಕೆಂಪು, ಮಕಾವುಬಾಕ್ಕೆ ಹಸಿರು. ಬುಧವಾರ ಸಂಜೆ ಎಲ್ಲರೆದುರು ಮೂರು ಮೂರು ಗಂಟು ಹಾಕಿ, "ಬೊಂಫಿಂ ಗಂಟು ಬಿಚ್ಚೋ ಗಂಡಸು ಈ ಊರಲ್ಲಿ ಹುಟ್ಟಿಲ್ಲ" ಎಂದು ಕೈ ಕೊಡವಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಲೊರಿವಾಲ್.

ಬಿಚ್ಚುವುದು ಯಾರಿಗೆ ಬೇಕು? ಅವನೂ ಈ ಊರವನೇ. ಕಟ್ಟಿದ ರಿಬ್ಬನ್ ತಾನಾಗಿ ಸವೆದು ಬೀಳಬೇಕು, ಬಿಚ್ಚಿದರೆ ಕೇಡು, ಕತ್ತರಿಸಿದರೆ ಮಹಾ ಕೇಡು. ಅವನು ಬಿಚ್ಚುವುದಿಲ್ಲ, ಕತ್ತರಿಸುವುದೂ ಇಲ್ಲ. ಸೀಸೆಯ ಕೊರಳಿಗೆ ಒಂದಿಷ್ಟು ಸಾಬೂನು ಸವರಿ, ಗಂಟು ಗಂಟಾಗಿಯೇ ಇರುವಂತೆ ರಿಬ್ಬನ್ನನ್ನು ಮೆಲ್ಲಗೆ ಮೇಲೆ ಜಾರಿಸಿ ತೆಗೆದು, ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ ಹಾಕಿಬಿಡುವುದು. ದೇವರಿಗೂ ಅಪಚಾರವಿಲ್ಲ, ಮನುಷ್ಯರಿಗೂ ಸುಳಿವಿಲ್ಲ. ಆಮೇಲೆ ಅವಳ ಇಂಧನ ಅವನ ಹೆಸರಿನಲ್ಲಿ ಗೆಲ್ಲುತ್ತದೆ. ಒಂದು ವರ್ಷದಲ್ಲಿ ಅವನದು ಹೇಗೂ ಸರಿಹೋಗುತ್ತದೆ, ಆಗ ಇದು ಸುಳ್ಳು ಎಂದು ಹೇಳಲೂ ಬರುವುದಿಲ್ಲ. ಕೆಲವು ದಿನ ಮುಂಚೆ ಹೇಳಿದ ನಿಜ, ಅಷ್ಟೆ.

ಸೀಸೆಗಳು ಇದ್ದದ್ದು ಹಿಂದಿನ ಓಣಿಯ ಕೊನೆಯ ತಣ್ಣನೆ ಪೆಟ್ಟಿಗೆಯಲ್ಲಿ. ಆ ಓಣಿಗೆ ಕೊಲ್ಲಿಯ ಕಡೆಯಿಂದ ಒಂದು ಬಾಗಿಲಿತ್ತು. ಕಾಯಿಯ ಮೂಟೆ ಇಳಿಸಲೆಂದು ಅವನಿಗೆ ಹಿಂದೆ ಯಾವಾಗಲೋ ಕೊಟ್ಟ ಬೀಗದಕೈಯನ್ನು ಯಾರೂ ವಾಪಸು ಕೇಳಿರಲಿಲ್ಲ. ಮುಂಬಾಗಿಲಿನ ಕಾವಲುಗಾರನಿಗೆ ಆ ಬಾಗಿಲು ಕಾಣುವುದಿಲ್ಲ. ತೊಡಕು ಒಂದೇ, ಓಣಿ ತುಂಬ ಇವೊನೆಟೆಯ ಡ್ರಮ್ಮುಗಳು. ಅವುಗಳ ಮೈಗೆ ಡೆಂಡೆ ಅಂಟಿರುತ್ತದೆ, ಡೆಂಡೆ ಬಟ್ಟೆಗೆ ತಾಗಿದರೆ ಕತೆ ಮುಗಿಯಿತು. ಸಾಲ್ವಡೋರಿನಲ್ಲಿ ಎಷ್ಟೋ ಮದುವೆಯ ಬಟ್ಟೆ ಆ ಕಲೆಗೆ ಬಲಿಯಾಗಿವೆ. ಅದಕ್ಕಾಗಿ ಗುರುವಾರ ಅವನು ನೆಪ ಮಾಡಿಕೊಂಡು ಓಣಿಗೆ ಹೋಗಿ ಬಂದ. ಡ್ರಮ್ಮುಗಳೆಲ್ಲ ಎಡಗಡೆ ಗೋಡೆಗೆ ಸಾಲಾಗಿ ನಿಂತಿದ್ದವು. ಬಲಗಡೆ ಬರೀ ಗೋಡೆ, ಕೊನೆಯಲ್ಲಿ ಒಂದು ಒಳಬಾಗಿಲಿನ ಗೂಡು. ಬಲಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕಿದರೆ ಡ್ರಮ್ಮಿಗೂ ಅಂಗಿಗೂ ನಡುವೆ ಒಂದು ಗೇಣು ಉಳಿಯುತ್ತದೆ. ಅವನು ಎರಡು ಸಲ ನಡೆದು ನೋಡಿದ. ಲೋಕದಲ್ಲಿ ಸಿಕ್ಕಿಬೀಳುವವರೆಲ್ಲ ಅವಸರದವರು ಎಂದು ಅವನ ಅಭಿಪ್ರಾಯ.

ದಿನ ಯಾವುದು ಎಂಬುದರಲ್ಲಿ ಅವನ ಬುದ್ಧಿ ಪೂರಾ ಬೆಳಗಿತು. ಶುಕ್ರವಾರ ಬೆಳಗ್ಗೆಯೇ ಸರಿ. ಶುಕ್ರವಾರ ಎಂದರೆ ಒಷಾಲಾ ದೇವರ ದಿನ, ಊರೆಲ್ಲ ಬಿಳಿ ಬಟ್ಟೆ. ಬ್ಯಾಂಕಿನವನು, ಮೀನಿನವನು, ಬಸ್ಸಿನ ಡ್ರೈವರು ಎಲ್ಲರೂ ಬಿಳಿ. ಪಾದ್ರಿ ಪೂಜೆ ಮಾಡಿದರೂ ಒಷಾಲಾನ ಮನೆಯೆಂದೇ ಊರು ನಂಬಿರುವ ಬೊಂಫಿಂ ದೇವಾಲಯದಲ್ಲಂತೂ ಹಾಲಿನ ಕೊಡ ಉರುಳಿದ ಹಾಗೆ. ಆ ಜಾತ್ರೆಯಲ್ಲಿ ಬಿಳಿ ಬಟ್ಟೆಯ ಒಬ್ಬ ಮಧ್ಯವಯಸ್ಕ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಗುಡ್ಡ ಇಳಿದು, ಕೆಲಸ ಮುಗಿಸಿ, ಮುಂದಿನ ಪೂಜೆಗೆ ಹಾಜರಾದರೆ ಗುರುತಿಸುವವರು ಯಾರು? ಬೆಳಗ್ಗೆ ಎಲ್ಲಿದ್ದೆ ಎಂದರೆ ಬೊಂಫಿಮ್ಮಿನಲ್ಲಿ. ನೋಡಿದವರು ನೂರಾರು ಮಂದಿ. ಅದೂ ಅಲ್ಲದೆ ಅವನು ಡೆಂಡೆ ಮುಟ್ಟದ ಒಷಾಲಾನ ಮಗನೆಂದು ದೀಕ್ಷೆ ಪಡೆದವನು. ಶುಕ್ರವಾರ ಡೆಂಡೆ ತಿನ್ನುವುದಿರಲಿ, ಅದರ ವಾಸನೆ ಬಂದರೆ ಬೀದಿಯ ಆಚೆ ಬದಿಗೆ ದಾಟುತ್ತಾನೆ. ಅದು ಪ್ರಯೋಗಾಲಯದ ಕಸಗುಡಿಸುವವಳಿಗೂ ಗೊತ್ತು. ಡೆಂಡೆ ಓಣಿಯಲ್ಲಿ ಲೊರಿವಾಲ್, ಅದೂ ಶುಕ್ರವಾರ? ಕೇಳಿದವರು ನಗುತ್ತಾರೆ.

ಗುರುವಾರ ಮಧ್ಯಾಹ್ನವೇ ಅವನು ಎಲ್ಲರಿಗೂ ಕಾಣುವ ಹಾಗೆ ಮನೆಗೆ ಹೊರಟ. ಬೀದಿಯ ಮೂಲೆಯಲ್ಲಿ ದೋನಾ ಡೆಜಾನಿರಾ ಆಗತಾನೆ ತನ್ನ ಬಾಣಲೆ ಹೂಡುತ್ತಿದ್ದಳು. ಇವೊನೆಟೆಗೆ ಮೊಟ್ಟಮೊದಲು ಹಳೆಯ ಎಣ್ಣೆ ಕೊಟ್ಟವಳು ಅವಳೇ. ಅಗಲವಾದ ಲಂಗ, ತಲೆಗೆ ಬಿಗಿದ ವಸ್ತ್ರ, ಬಾಯಿ ಮಾತ್ರ ಸಡಿಲ. ಅವಳ ನೀಲಿ ಡ್ರಮ್ಮು ಊರಿಗೇ ಪರಿಚಿತ. ಗಾಳಿ ಮಳೆಯ ದೇವಿ ಇಯಾನ್ಸಾಳ ಒಕ್ಕಲು ಅವಳು. ಬೇರೆಯವರ ಡ್ರಮ್ಮಿನ ಜೊತೆ ತನ್ನದು ಅದಲುಬದಲಾಗಬಾರದೆಂದು ದೇವಿಯ ಗುರುತಾದ ಕಾಡೆಮ್ಮೆಯ ಎರಡು ಕೊಂಬನ್ನು ತಗಡಿನಲ್ಲಿ ಕೊರೆಸಿ ಡ್ರಮ್ಮಿನ ಮೈಗೆ ಬಡಿಸಿದ್ದಳು.

"ಡಾಕ್ಟ್ರೇ, ಇಷ್ಟು ಬೇಗ ಮನೆಗಾ? ನಾಳೆ ಸೋಲೋಕೆ ನಿದ್ದೆ ಮಾಡ್ಬೇಕಾ?"

"ದೋನಾ ಡೆಜಾನಿರಾ, ನಾಳೆ ನೋಡಿ ಮಾತಾಡಿ."

"ನೋಡ್ದೆ ಬಿಡ್ತೀನಾ? ನಂಗೂ ಮುಂದಿನ ಸಾಲಲ್ಲಿ ಕುರ್ಚಿ ಕೊಟ್ಟಿದಾರೆ. ನನ್ ಡ್ರಮ್ಮಿಗೂ ವೇದಿಕೆ ಮೇಲೆ ಜಾಗ ಕೊಟ್ಟಿದಾರೆ. ನೀವು ಆ ಮುಳ್ಳಿನ ಮರ ಹೊತ್ಕೊಂಡು ಬನ್ನಿ, ಪಕ್ಕದಲ್ಲಿ ನಿಲ್ಸೋಣ!" ಸಾಲಿನಲ್ಲಿ ನಿಂತ ಗಿರಾಕಿಗಳೆಲ್ಲ ಗೊಳ್ಳೆಂದರು. ಲೊರಿವಾಲ್ ತಾನೂ ನಕ್ಕ. ನಾಳೆ ನಗುವವನಿಗೆ ಇವತ್ತು ನಗುವುದು ಕಷ್ಟವಲ್ಲ.

ಶುಕ್ರವಾರ ಬೆಳಗ್ಗೆ ಎಲ್ಲ ಗಡಿಯಾರದ ಹಾಗೆ ನಡೆಯಿತು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಷೂ. ಮೊದಲ ಪೂಜೆಗೆ ಬಂದು ಪಾದ್ರಿಯ ಕೈ ಕುಲುಕಿದ. ದೇವಾಲಯದ ಕಂಬಿಗೆ ಬಿಳಿ ರಿಬ್ಬನ್ ಕಟ್ಟುವಾಗ ಪಕ್ಕದವರ ಕಾಲು ತುಳಿದು ಕ್ಷಮೆ ಕೇಳಿದ, ನೆನಪಿರಲಿ ಎಂದು. ಪ್ರಾರ್ಥನೆ ಜೋರಾದಾಗ ಪಕ್ಕದ ಬಾಗಿಲಿನಿಂದ ಜಾರಿ ಗುಡ್ಡ ಇಳಿದ.

ಕೊಲ್ಲಿಯ ಕಡೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ದೀಪ ಹಾಕಲಿಲ್ಲ, ಒಳಬಾಗಿಲಿನ ಸಂದಿಯಿಂದ ಬೆಳಕು ಕಂಡರೆ ಕಷ್ಟ. ಕಿಟಕಿಯಿಲ್ಲದ ಓಣಿಯ ಕತ್ತಲೆಯಲ್ಲಿ ಡೆಂಡೆಯ ಗಂಧ ಮೂಗಿಗೆ ಬಡಿಯಿತು. ಒಷಾಲಾನ ಕ್ಷಮೆ ಕೇಳಿ ಉಸಿರು ಬಿಗಿಹಿಡಿದ. ಬಲಗೋಡೆಗೆ ಬೆನ್ನು, ಹೊಟ್ಟೆ ಒಳಗೆ, ಅಡ್ಡಹೆಜ್ಜೆ. ಕಣ್ಣೆಲ್ಲ ಎದುರಿನ ಡ್ರಮ್ಮುಗಳ ಮೇಲೆ. ಒಂದೂ ಅಂಗಿಗೆ ತಾಗಲಿಲ್ಲ. ಓಣಿಯ ಕೊನೆಯಲ್ಲಿ ಹಿಂದುಗಡೆ ಏನೋ ಗಟ್ಟಿಯಾಗಿ ಒತ್ತಿತು. ಒಳಬಾಗಿಲಿನ ಅಗಳಿ ಇರಬೇಕು ಎಂದುಕೊಂಡು ಇನ್ನೂ ಒತ್ತಿಕೊಂಡೇ ಅದನ್ನು ದಾಟಿದ. ಗೋಡೆಯ ಕಡೆ ಎಷ್ಟು ಒರಗಿದರೆ ಡ್ರಮ್ಮಿನಿಂದ ಅಷ್ಟು ದೂರ.

ರಿಬ್ಬನ್ನು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಬಂತು. ಕೆಂಪು ಅಲ್ಲಿಂದ ಇಲ್ಲಿಗೆ, ಹಸಿರು ಇಲ್ಲಿಂದ ಅಲ್ಲಿಗೆ. ಗಂಟಿನ ಒಂದು ಎಳೆಯೂ ಅಲುಗಲಿಲ್ಲ. ಸಾಬೂನು ಒರೆಸಿದ, ಪೆಟ್ಟಿಗೆ ಮುಚ್ಚಿದ. ವಾಪಸು ಅದೇ ಅಡ್ಡಹೆಜ್ಜೆ. ಹೊರಗೆ ಬಂದು ಬೆಳಕಿನಲ್ಲಿ ಅಂಗಿಯ ಎದೆ, ತೋಳು, ಕೈ, ಉಗುರು, ಷೂ ಎಲ್ಲ ಒಂದೊಂದಾಗಿ ನೋಡಿಕೊಂಡ. ಹಾಲಿನಷ್ಟು ಬಿಳಿ. ಅವನಿಗೆ ಶಿಳ್ಳೆ ಹಾಕಬೇಕು ಎನ್ನಿಸಿತು. ಹಾಕಲಿಲ್ಲ, ಅವನು ಅವಸರದವನಲ್ಲ.

ಗುಡ್ಡ ಹತ್ತಿ ಮತ್ತೆ ದೇವಾಲಯಕ್ಕೆ ಬಂದ. ಮೆಟ್ಟಿಲ ಬಳಿ ದೋಷ ಕಳೆಯಲು ಜನರ ತಲೆಯ ಮೇಲೆ ಪಾಪ್‌ಕಾರ್ನ್ ಸುರಿಯುವ ಮುದುಕಿ ಕೂತಿದ್ದಳು. ಸಾಕ್ಷಿಗೆ ಒಬ್ಬಳು ಹೆಚ್ಚಾಗಲಿ ಎಂದು ಅವಳ ಮುಂದೆ ತಲೆಬಾಗಿದ. ಅವಳು ಎದುರಿನಿಂದ ಸುರಿದಳು, ಸುತ್ತು ಹಾಕಿ ಹಿಂದಕ್ಕೆ ಬಂದಳು, ಯಾಕೋ ಒಂದು ಕ್ಷಣ ನಿಂತಳು.

"ಅಯ್ಯೋ ನನ್ ರಾಜಾ," ಎಂದು ನಕ್ಕಳು, "ನಿಂಗೆ ಒಂದು ಬೊಗಸೆ ಸಾಲಲ್ಲ ಕಣಪ್ಪಾ. ಇಕೋ, ಇನ್ನೊಂದು ಹಾಕ್ತೀನಿ. ಎರಡು ದೇವರ ಜೊತೆ ಒಂದೇ ದಿನ ಜಗಳ ಬೇಡ!"

ಮುದುಕಿಯರ ಮಾತಿಗೆ ಅರ್ಥ ಹುಡುಕುವ ಅಭ್ಯಾಸ ಅವನಿಗಿರಲಿಲ್ಲ. ಉದಾರವಾಗಿ ಕೈಗಿಟ್ಟು ಮುಂದಿನ ಪೂಜೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಮುಸಿಮುಸಿ ನಗುತ್ತಿದ್ದ ಹೆಂಗಸರ ಕಡೆಗೆ ತಿರುಗಿ ಗಂಭೀರವಾಗಿ ನೋಡಿದ. ದೇವಾಲಯದಲ್ಲಿ ಶಿಸ್ತು ಬೇಡವೆ? ಹೊರಗೆ ಟ್ಯಾಕ್ಸಿ ಸಿಕ್ಕಿತು. ಡ್ರೈವರು ಬಾಗಿಲು ತೆಗೆದವನು, "ಒಂದ್ ನಿಮಿಷ ಸಾಹೇಬ್ರೇ" ಎಂದು ಸೀಟಿನ ಮೇಲೆ ಹಳೆಯ ಪತ್ರಿಕೆ ಹಾಸಿದ. ಬಿಳಿ ಬಟ್ಟೆಗೆ ಇಷ್ಟು ಮರ್ಯಾದೆ ಕೊಡುವವರು ಇನ್ನೂ ಇದ್ದಾರಲ್ಲ ಎಂದು ಲೊರಿವಾಲ್‌ಗೆ ಖುಷಿಯಾಯಿತು.

ಪ್ರಯೋಗಾಲಯಕ್ಕೆ ಅವನು ಮುಂಬಾಗಿಲಿನಿಂದ ಬಂದ. ಕಾವಲುಗಾರನಿಗೆ ಕೇಳುವಂತೆ, "ಎರಡು ಪೂಜೆ ಮುಗಿಸಿ ನೇರ ಬೊಂಫಿಮ್ಮಿಂದ ಬರ್ತಿದೀನಿ. ನಿನ್ನೆ ಮಧ್ಯಾಹ್ನ ಹೋದವನು ಈಗಲೇ ಕಾಲಿಡ್ತಿರೋದು. ಎಲ್ಲಾ ಸರಿ ಇದೆ ತಾನೇ?" ಎಂದ. ನಿರ್ದೇಶಕರಿಗೂ ಅದನ್ನೇ ಹೇಳಿದ. ಸಭಾಂಗಣ ಇನ್ನೂ ಖಾಲಿಯಿತ್ತು. ಮುಂದಿನ ಸಾಲಿನ ತನ್ನ ಕುರ್ಚಿಯಲ್ಲಿ ಕೂತುಬಿಟ್ಟ. ವೇದಿಕೆಯ ಮೇಲೆ ಮೇಜು, ಮೇಜಿನ ಪಕ್ಕ ಡೆಜಾನಿರಾಳ ನೀಲಿ ಡ್ರಮ್ಮು, ಅದರ ಹಿಂದೆ ಕೊಲ್ಲಿಗೆ ತೆರೆದ ದೊಡ್ಡ ಕಿಟಕಿ. ಡೆಜಾನಿರಾ ಬೆಳಗ್ಗೆಯೇ ಹೊತ್ತು ತಂದಿರಬೇಕು ಎಂದುಕೊಂಡ. ಕೊಂಬು ಯಾಕೋ ಒಂದು ಬದಿ ಮಾತ್ರ ಮಿರಿಮಿರಿ ಮಿಂಚುತ್ತಿತ್ತು, ಇನ್ನೊಂದು ಬದಿ ಒರೆಸಿದಂತೆ ಮಂಕಾಗಿತ್ತು. ಹಳೆಯ ತಗಡಿನ ಹಣೆಬರಹ ಇಷ್ಟೇ.

ಸಭೆ ತುಂಬಿತು. ಎಲ್ಲೆಲ್ಲೂ ಬಿಳಿ. ಅಕರಜೆಯ ಹೆಂಗಸರೆಲ್ಲ ಲಂಗ ಹರಡಿಕೊಂಡು ಕೂತರು. ವಿಮಾನ ಸಂಸ್ಥೆಯವರು ಎರಡು ಸೀಸೆಗಳಿಂದ ಎರಡು ಗಾಜಿನ ನಳಿಗೆಗೆ ಇಂಧನ ಸುರಿದು ಹೊಗೆಯಾಡುವ ಥಂಡಿಯಲ್ಲಿ ಇಳಿಬಿಟ್ಟರು. ಎಲ್ಲರೂ ಕತ್ತು ಚಾಚಿದರು. ಸ್ವಲ್ಪ ಹೊತ್ತಿಗೆ ಕೆಂಪು ರಿಬ್ಬನ್ನಿನ ನಳಿಗೆಯಲ್ಲಿ ಮಬ್ಬು ಮೂಡಿತು. ಮಬ್ಬು ಹರಳಾಯಿತು. ಹಸಿರು ರಿಬ್ಬನ್ನಿನದು ಕನ್ನಡಿಯಂತೆ ಉಳಿಯಿತು.

ಇವೊನೆಟೆ ಎದ್ದು ನಿಂತು ನಳಿಗೆಯನ್ನೇ ನೋಡಿದಳು. "ಹೀಗಾಗ್ಬಾರ್ದಿತ್ತು," ಎಂದಳು, ಮೆಲ್ಲಗೆ, ಯಾರಿಗೂ ಅಲ್ಲ. ಹಿಂದೆ ಕೂತ ಹೆಂಗಸರ ಕಡೆ ತಿರುಗಲು ಅವಳಿಗೆ ಮುಖವಿರಲಿಲ್ಲ. ಒಂದೊಂದು ಡ್ರಮ್ಮಿಗೂ ಅವರ ಮನೆ ಬಾಗಿಲು ತಟ್ಟಿ, ನಿಮ್ಮ ಎಣ್ಣೆ ಹಾರುತ್ತದೆ ಎಂದು ಮಾತು ಕೊಟ್ಟವಳು ಅವಳು. ಲೊರಿವಾಲ್‌ನ ಹೆಬ್ಬೆರಳು ಚುಳ್ಳೆಂದಿತು. ಮೋಡವೇನೂ ಇರಲಿಲ್ಲ. ಮರುಕ್ಷಣ ಅವಳೇ ಅವನ ಕಡೆ ಬಂದು ಕೈ ಚಾಚಿದಳು. "ನೀವೇ ಗೆದ್ರಿ ಡಾಕ್ಟ್ರೇ. ಒಳ್ಳೇದಾಯ್ತು. ನಿಮ್ಮ ಮರಕ್ಕೆ ಇದು ಸಲ್ಲಬೇಕಾದ್ದೇ." ಅವನು ಕೂತಲ್ಲಿಂದಲೇ ಕೈ ಕುಲುಕಿದ.

"ಬನ್ನಿ ಲೊರಿವಾಲ್!" ನಿರ್ದೇಶಕರು ಕೂಗಿದರು. "ಗೆದ್ದ ಸೀಸೆಯನ್ನ ಕಿಟಕಿ ಬೆಳಕಿಗೆ ಎತ್ತಿ ಹಿಡೀರಿ, ಎಲ್ರೂ ನೋಡ್ಲಿ!"

ಲೊರಿವಾಲ್ ವೇದಿಕೆ ಹತ್ತಿದ. ಡ್ರಮ್ಮಿನ ಪಕ್ಕ ನಿಂತು, ಸಭೆಗೆ ಬೆನ್ನು ತಿರುಗಿಸಿ, ಹಸಿರು ರಿಬ್ಬನ್ನಿನ ಸೀಸೆಯನ್ನು ಬೆಳಕಿಗೆ ಎತ್ತಿ ಹಿಡಿದ. ಚಪ್ಪಾಳೆಗೆ ಕಾದ. ಚಪ್ಪಾಳೆ ಬರಲಿಲ್ಲ. ಮೊದಲು ಹಿಂದಿನ ಸಾಲಿನಿಂದ ಯಾರೋ ತಡೆಯಲಾರದೆ ನಕ್ಕ ಸದ್ದು, ಆಮೇಲೆ ಡೆಜಾನಿರಾಳ ಕುರ್ಚಿ ಕಿರುಗುಟ್ಟಿ ಅವಳು ವೇದಿಕೆಯ ಹತ್ತಿರ ಬಂದದ್ದು ಕೇಳಿಸಿತು. "ಡೈರೆಕ್ಟ್ರೇ, ಡ್ರಮ್ಮಿನ ಮೇಲೆ ನೋಡಿ, ಡಾಕ್ಟ್ರ ಪ್ಯಾಂಟಿನ ಹಿಂದ್ಗಡೆ ನೋಡಿ," ಎಂದಳು ಅವಳು, ಈಗ ನಗದೆ. "ನನ್ ದೇವಿ ಕೊಂಬು ಅಚ್ಚು ಹೊಡ್ದಂಗೆ ಕೂತಿದೆ. ದೊಡ್ಡವರು ಬರ್ತಾರೆ, ಹೊಳೀಲಿ ಅಂತ ನಿನ್ನೆ ಸಂಜೆ ನಾನೇ ಅದಕ್ಕೆ ಹೊಸಾ ಡೆಂಡೆ ಬಳಿದು, ಇವೊನೆಟೆ ಕೈಲಿ ಡ್ರಮ್ಮನ್ನ ಒಳಗೆ ಸಾಗಿಸ್ದೆ. ಎಡಗಡೆ ಜಾಗ ಇರ್ಲಿಲ್ಲ ಅಂತ ಬಲಗೋಡೇಲಿರೋ ಒಳಬಾಗಿಲಿನ ಗೂಡಲ್ಲಿ ನಿಲ್ಸಿ ಬೀಗ ಹಾಕಿದ್ಳು. ಡಾಕ್ಟ್ರು ಆಗ್ಲೇ ಮನೆಗೆ ಹೋಗಿದ್ರು. ಡ್ರಮ್ಮು ಆ ಓಣಿ ಬಿಟ್ಟು ಈ ವೇದಿಕೆಗೆ ಬಂದಿದ್ದು, ಕಾವಲುಗಾರನಿಗೆ ಇವ್ರೇ ಹೇಳ್ದಂಗೆ, ಇವ್ರು ಬೊಂಫಿಮ್ಮಲ್ಲಿ ಎರಡನೇ ಪೂಜೆ ಮಾಡ್ತಿದ್ದಾಗ." ನಿರ್ದೇಶಕರು ಬಾಗಿ ಎರಡನ್ನೂ ನೋಡಿದರು. ಲೊರಿವಾಲ್‌ನ ಕೈಯಿಂದ ಸೀಸೆ ತೆಗೆದುಕೊಂಡು, ಅದರ ಕೊರಳನ್ನು ಮೂಗಿನ ಹತ್ತಿರ ಹಿಡಿದು, ಸಾಬೂನಿನ ವಾಸನೆ ಯಾಕೆ ಬರುತ್ತಿದೆ ಎಂದು ಕೇಳಿದರು.